ಪಕ್ಕದ ಮಷೀನಿನ ಗಂಟೆ

ನನಗೆ ಕೆಲಸ ಸಿಗುವವರೆಗೆ ಕಾಫಿ ಕುಡಿಯುವುದಿಲ್ಲ ಎಂದು ನಮ್ಮವ್ವ ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತುಬಿಟ್ಟಳು. ಹೊರುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು, ಬಚ್ಚಲೊಲೆ ಹೊತ್ತಿಸಿದ ಮೇಲೆ ಇನ್ನೊಂದು ಗುಟುಕು ಬೇಕು, ಸಂಜೆ ಯಾರಾದರೂ ಬಂದರೆ ಅವರ ನೆಪದಲ್ಲಿ ಮತ್ತೊಮ್ಮೆ ಬೇಕು ಎನ್ನುವ ಹೆಂಗಸು ಅವಳು. ಬಿಟ್ಟ ಮಾರನೆಯ ದಿನದಿಂದಲೇ ತಲೆನೋವು ಶುರುವಾಯಿತು. ಹಣೆಗೆ ಒಂದು ಹಳೇ ಸೀರೆ ತುಂಡು ಬಿಗಿದು ಕಟ್ಟಿಕೊಂಡು ಗೋಡೆಗೊರಗಿ ಕೂರುತ್ತಿದ್ದಳು. ಕೆಲಸ ಏನಾಯಿತು ಎಂದು ಬಾಯಿ ಬಿಟ್ಟು ಒಂದು ದಿನವೂ ಕೇಳಲಿಲ್ಲ. ನಾನು ಒಳಗೆ ಕಾಲಿಟ್ಟ ತಕ್ಷಣ ಆ ಸೀರೆ ತುಂಡು ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ ಸಾಕಾಗಿತ್ತು. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು ನನಗೆ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿಕೊಂಡಿದ್ದರು. ನಾನು, ಅವ್ವ ಇಬ್ಬರೂ ಗುಬ್ಬಿಯಲ್ಲಿ ಅಣ್ಣನ ಸಂಸಾರದಲ್ಲಿದ್ದೆವು. ಅಣ್ಣನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇತ್ತು. ಮಾತು ಕಮ್ಮಿ. ಅತ್ತಿಗೆ ಕೆಟ್ಟವಳಲ್ಲ, ಆದರೆ ಅನ್ನದ ಪಾತ್ರೆಗೆ ಸೌಟು ಹಾಕುವಾಗ ಅವಳು ಬಿಡುತ್ತಿದ್ದ ನಿಟ್ಟುಸಿರು ನನ್ನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಬಿ.ಎ. ಮಾಡಿಕೊಂಡು ಊರಿನ ಒಂದು ಖಾಸಗಿ ಪ್ರೈಮರಿ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಇವತ್ತು ಕಾಯಂ ಮಾಡುತ್ತೇವೆ, ನಾಳೆ ಮಾಡುತ್ತೇವೆ ಎನ್ನುತ್ತಲೇ ಕೆಲವು ವರ್ಷ ದುಡಿಸಿಕೊಂಡರು. ಅವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳಲ್ಲಿ ಮುಖ್ಯವಾದದ್ದು ‘ಪರ್ಮನೆಂಟ್’. ವಾರಕ್ಕೊಮ್ಮೆಯಾದರೂ ಆಯ್ತಾ ಎಂದು ಕೇಳುವಳು. ಆಗಲಿಲ್ಲ. ಆಡಳಿತ ಮಂಡಳಿಯವರೊಬ್ಬರ ಸೊಸೆ ಓದು ಮುಗಿಸಿ ಬಂದಳು, ನನ್ನ ಕುರ್ಚಿ ಅವಳದಾಯಿತು. ಅವ್ವ ಹರಕೆ ಹೊತ್ತದ್ದು ಅದಾದ ಮೇಲೆ. ಸರ್ಕಾರಿ ಕೆಲಸದ ವಯೋಮಿತಿ ದಾಟಲು ಆಗ ನನಗೆ ಎರಡು ವರ್ಷವೂ ಉಳಿದಿರಲಿಲ್ಲ. ಅಷ್ಟರೊಳಗೆ ಪರ್ಮನೆಂಟ್ ಆದದ್ದು ಒಂದು ಸಿಗಬೇಕು, ಇಲ್ಲದಿದ್ದರೆ ಆ ನಿಟ್ಟುಸಿರು ಕೇಳಿಕೊಂಡು ಬದುಕಬೇಕು.

ಚಪ್ಪಲಿ ಸವೆಸಿದೆ. ತುಮಕೂರಿನ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಹೋಗಿ ಹೆಸರು ಬರೆಸಿದೆ. ಕಾರ್ಡು ರಿನ್ಯೂವಲ್‌ಗೆಂದು ಹೋದಾಗಲೆಲ್ಲ ನನ್ನಂಥವರ ಸಾಲು ಗೇಟಿನಾಚೆಗೂ ಇರುತ್ತಿತ್ತು. ತುಮಕೂರಿನ ಪಕ್ಕದ ಸತ್ಯಮಂಗಲದ ಸಣ್ಣ ಸಣ್ಣ ಕಾರ್ಖಾನೆಗಳ ಆಫೀಸುಗಳನ್ನು ಬಿಸಿಲಲ್ಲಿ ಸುತ್ತಿದೆ. ಗಂಡಸರಾದರೆ ಬ್ಯಾಂಕಿಗೂ ಓಡಾಡ್ತಾರೆ, ಲಾರಿ ಬಂದರೆ ಲೋಡೂ ನೋಡ್ಕೋತಾರೆ ಅಂದರು. ಒಬ್ಬರಂತೂ ನಾನು ತಂದಿದ್ದ ಸರ್ಟಿಫಿಕೇಟಿನಿಂದ ಗಾಳಿ ಬೀಸಿಕೊಳ್ಳುತ್ತಲೇ ಇಲ್ಲ ಅಂದರು. ಅಲ್ಲೇ ಉಪ್ಪಾರಹಳ್ಳಿಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ, ಅಲ್ಲಿ ಚಿಕ್ಕಪ್ಪನಿಂದ ಛಲ ಬಿಡಬಾರದು ಎಂಬ ಉಪದೇಶ ಕೇಳಿ, ಸಂಜೆ ಬಸ್ಸು ಹತ್ತುತ್ತಿದ್ದೆ. ಛಲದ ಬಗ್ಗೆ ಹೇಳುವವರೆಲ್ಲ ಊಟವಾದ ಮೇಲೆ ಒರಗಿಕೊಂಡು ಹೇಳುತ್ತಾರೆ, ಅದನ್ನು ನಾನು ಆಗಲೇ ಗಮನಿಸಿದ್ದೆ. ಹೋದ ಪುಟ್ಟ ಬಂದ ಪುಟ್ಟ ಅನ್ನುವ ಹಾಗಾಗಿತ್ತು ನನ್ನ ಸ್ಥಿತಿ.

ದಾರಿ ತೋರಿಸಿದ್ದು ಗುಬ್ಬಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು. ಇಂಗ್ಲಿಷ್ ಟೈಪಿಂಗ್ ಕಲಿತವರು ಬೀದಿಗೊಬ್ಬರಿದ್ದಾರೆ, ಆಫೀಸುಗಳಲ್ಲಿ ಈಗ ಎಲ್ಲ ಕನ್ನಡಕ್ಕೆ ತಿರುಗುತ್ತಿದೆ, ಕನ್ನಡ ಕಲಿ, ಅಲ್ಲಿ ಸಾಲು ಚಿಕ್ಕದಿದೆ ಎಂದರು. ನನಗೆ ಅಷ್ಟು ದಿನದಲ್ಲಿ ಸಿಕ್ಕಿದ ಬುದ್ಧಿಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಮಾರನೇ ದಿನವೇ ಸೇರಿಕೊಂಡೆ.

ಅಲ್ಲಿ ಕನ್ನಡದ ಮಷೀನು ಇದ್ದದ್ದು ಎರಡೇ. ಕಿಟಕಿಯ ಪಕ್ಕದಲ್ಲಿ ಅಕ್ಕಪಕ್ಕ ಇಟ್ಟಿದ್ದರು. ಒಂದು ಚೆನ್ನಾಗಿತ್ತು, ಇನ್ನೊಂದಕ್ಕೆ ಗಂಟೆ ಇರಲಿಲ್ಲ. ಟೈಪು ಮಾಡಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಸಾಲು ಮುಗಿಯಲು ಇನ್ನು ಕೆಲವೇ ಅಕ್ಷರ ಇರುವಾಗ ಮಷೀನು ಟಿಂಗ್ ಎನ್ನುತ್ತದೆ. ಕೇಳಿದ ಕೂಡಲೇ ಪದ ಮುಗಿಸಿ, ಎಡಗೈಯಲ್ಲಿ ಲಿವರ್ ತಳ್ಳಿದರೆ ಹೊಸ ಸಾಲು. ಗಂಟೆ ಕೇಳದಿದ್ದರೆ ಸಾಲಿನ ತುದಿಗೆ ಹೋಗಿ ಕೀಲಿಗಳು ಬಿಗಿದು ನಿಲ್ಲುತ್ತವೆ, ಪದ ಅರ್ಧಕ್ಕೆ ತುಂಡಾಗುತ್ತದೆ. ತಲೆ ಎತ್ತಿ ಕಾಗದ ನೋಡಿಕೊಳ್ಳೋಣ ಎಂದರೆ ಮೇಷ್ಟ್ರು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಕಣ್ಣು ಪುಸ್ತಕದ ಮೇಲೇ ಇರಬೇಕು. ಗಂಟೆ ರಿಪೇರಿ ಮಾಡಿಸಿ ಸಾರ್ ಎಂದು ಕೇಳಿದೆ.

"ಗಂಟೆ ಯಾಕಮ್ಮ, ಪೂಜೆ ಮಾಡ್ತೀಯಾ?" ಅಂದರು. ಎಲ್ಲರೂ ನಕ್ಕರು. ಬೆಂಗಳೂರಿನಿಂದ ಮೆಕ್ಯಾನಿಕ್ ಬಂದಾಗ ನೋಡೋಣ ಎಂದು ಮಾತು ಮುಗಿಸಿದರು. ಹೊಸದಾಗಿ ಬಂದವರಿಗೆ ಮೂಕ ಮಷೀನು, ಅದು ಅಲ್ಲಿನ ಪದ್ಧತಿ.

ಚೆನ್ನಾಗಿದ್ದ ಮಷೀನಿನಲ್ಲಿ ಕೂರುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಸ್ವಂತ ಅಕ್ಕನಲ್ಲ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಗಂಡನ ಮನೆ ಬಿಟ್ಟು ಬಂದು ತಂದೆಯ ಮನೆಯಲ್ಲಿದ್ದಳು. ತಂದೆಗೆ ಪೂಜೆ ಸಾಮಾನಿನ ಅಂಗಡಿ. ಯಾಕೆ ಬಿಟ್ಟು ಬಂದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವರ್ಷ ಕಳೆದರೆ ಅವಳಿಗೆ ವಯಸ್ಸು ಮೀರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ನನಗಾದರೂ ಇನ್ನೂ ಸ್ವಲ್ಪ ಉಸಿರಿತ್ತು, ಅವಳಿಗೆ ಅದೂ ಇರಲಿಲ್ಲ.

ನನ್ನ ಪದಗಳು ತುಂಡಾಗುವುದನ್ನು ಒಂದು ವಾರ ನೋಡಿ, ಉಪಾಯ ಹೇಳಿದ್ದು ಅವಳೇ. ಇಬ್ಬರೂ ಒಂದೇ ಪಾಠ ಇಟ್ಟುಕೊಳ್ಳೋಣ, ಮಾರ್ಜಿನ್ನೂ ಒಂದೇ ಅಳತೆಗೆ ಇಡೋಣ, ಒಟ್ಟಿಗೆ ಶುರು ಮಾಡೋಣ. ನನ್ನ ಗಂಟೆ ಹೊಡೆದಾಗ ನೀನೂ ಲಿವರ್ ತಳ್ಳು ಅಂದಳು. ಅದೇನೋ ಸರಿಯಾಗಿಯೇ ಹೊಂದಿಕೊಂಡಿತು. ಬೆಳಿಗ್ಗೆ ಏಳಕ್ಕೆ ಅವಳು ಬೀದಿಯಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದಳು. ಬರಲ್ಲ ಹೋಗು, ಸಾಕಾಗಿದೆ ನನಗೆ ಎಂದು ನಾನು ಒಳಗಿನಿಂದಲೇ ಕೂಗಿದ ದಿನಗಳೂ ಇದ್ದವು. ಅವಳು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಅವ್ವ ಹಣೆಗೆ ಬಟ್ಟೆ ಕಟ್ಟಿಕೊಂಡೇ ಅವಳಿಗೆ ಕಾಫಿ ಮಾಡಿಕೊಡುವಳು, ತಾನು ಲೋಟದ ಹಬೆ ನೋಡುತ್ತಾ ಕೂರುವಳು. ಕೊನೆಗೆ ನಾನೇ ನಾಚಿಕೆಯಾಗಿ ಹೊರಡುತ್ತಿದ್ದೆ. ಮನಸ್ಸು ಗಟ್ಟಿ ಮಾಡಿಕೊಂಡು ನಾನು ಕಲಿತೆ ಎಂದು ಯಾರಾದರೂ ಅಂದರೆ ಅದು ಸುಳ್ಳು. ಅವಳು ಬಂದು ಕೂತಿರುತ್ತಿದ್ದಳು, ಅದಕ್ಕೆ ಹೋಗುತ್ತಿದ್ದೆ.

ಜೂನಿಯರ್ ಪರೀಕ್ಷೆ ಪಾಸಾದೆವು. ಅಲ್ಲಿ ನಮ್ಮ ಇನ್‌ಸ್ಟಿಟ್ಯೂಟಿನವರ ನಂಬರೆಲ್ಲ ಒಟ್ಟಿಗಿದ್ದವು, ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಕಿವಿಯ ಪಕ್ಕದಲ್ಲೇ ಹೊಡೆಯುತ್ತಿದ್ದ ಅವಳ ಗಂಟೆಗೆ ನಾನು ತಳ್ಳಿದೆ, ಯಾರಿಗೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೇ ಗೊತ್ತಿರಲಿಲ್ಲ. ಗಂಟೆ ನನ್ನದಲ್ಲ ಎನ್ನುವುದು ಮರೆತೇಹೋಗಿತ್ತು.

ಎಕ್ಸ್‌ಚೇಂಜಿನಿಂದ ಇಬ್ಬರಿಗೂ ಕರೆ ಬಂತು. ತುಮಕೂರಿನ ಒಂದು ಆಫೀಸಿನಲ್ಲಿ ಕನ್ನಡ ಟೈಪಿಸ್ಟ್ ಹುದ್ದೆ. ಮಷೀನನ್ನು ನಾವೇ ತರಬೇಕು, ಆಗೆಲ್ಲ ಹಾಗೇ. ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಎರಡೂ ಮಷೀನು ಕೊಟ್ಟರು. ಹೊದಿಕೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆವು. ಒಂದೊಂದು ಗುಂಡಿ ಬಂದಾಗಲೂ ಆ ಕಬ್ಬಿಣ ತೊಡೆಗೆ ಒತ್ತುತ್ತಿತ್ತು. ಕಂಡಕ್ಟರು ಹೊಲಿಗೆ ಮಷೀನಾ ಎಂದು ಕೇಳಿದ. ಹೂಂ, ನಿನ್ನ ಬಾಯಿ ಹೊಲಿಯೋದಕ್ಕೆ ಎನ್ನಬೇಕೆಂದಿದ್ದೆ, ಅಕ್ಕ ನನ್ನ ಕೈ ಅದುಮಿದಳು. ಇರುವುದೊಂದು ಕೆಲಸ, ಯಾರಿಗೆ ಸಿಕ್ಕರೂ ಇನ್ನೊಬ್ಬರು ಮುಖ ಊದಿಸಿಕೊಳ್ಳಬಾರದು ಅಂದಳು. ನಾನು ಹೂಂ ಅಂದೆ. ಒಳಗೊಳಗೆ ನನಗೇ ಸಿಗಲಿ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು.

ಟೆಸ್ಟಿನ ಹಾಲಿನಲ್ಲಿ ಎಕ್ಸ್‌ಚೇಂಜಿನ ನಂಬರಿನ ಪ್ರಕಾರ ಕೂರಿಸಿದರು. ಅಕ್ಕನಿಗೆ ಬಾಗಿಲ ಹತ್ತಿರ, ನನಗೆ ಆ ಕಡೆಯ ಮೂಲೆ. ಆಗಲೂ ನನಗೆ ಹೊಳೆಯಲಿಲ್ಲ. ಶುರು ಮಾಡಿ ಎಂದರು. ಇಡೀ ಹಾಲು ಒಮ್ಮೆಲೇ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಮಾಡಿತು. ಎರಡು ಪದ ಹೊಡೆದಿರಬೇಕು, ಎಲ್ಲೋ ಟಿಂಗ್ ಅಂತು. ನನ್ನ ಎಡಗೈ ತಾನಾಗಿಯೇ ಎದ್ದು ಲಿವರ್ ತಳ್ಳಿತು. ಮತ್ತೊಂದು ಕಡೆ ಟಿಂಗ್, ಮತ್ತೆ ತಳ್ಳಿತು. ಹಿಂದೆ ಟಿಂಗ್, ಮುಂದೆ ಟಿಂಗ್. ಬೇಡ ಬೇಡ ಎಂದು ಮನಸ್ಸಿನಲ್ಲಿ ಅನ್ನುತ್ತಲೇ ಇದ್ದೇನೆ, ಕೈ ಕೇಳುತ್ತಿಲ್ಲ. ಗಂಟೆ ಕೇಳಬಾರದೆಂದು ಹಲ್ಲು ಕಚ್ಚಿದರೆ ಸಾಲು ತುದಿಗೆ ಹೋಗಿ ಬಿಗಿದು ನಿಂತಿತು. ಕಾಗದ ತೆಗೆದು ನೋಡಿದೆ. ಒಂದು ಸಾಲಿನಲ್ಲಿ ಒಂದು ಪದ, ಇನ್ನೊಂದರಲ್ಲಿ ಮೂರು, ಮಗದೊಂದರಲ್ಲಿ ಅರ್ಧ. ಮೇಲ್ವಿಚಾರಣೆಗೆ ನಿಂತಿದ್ದವರು ಕಾಗದ ಕೈಗೆ ತೆಗೆದುಕೊಂಡು, ಇದೇನಮ್ಮ ಪದ್ಯ ಬರ್ದಿದೀಯಾ ಎಂದು ಕೇಳಿದರು. ಅವರು ತಮಾಷೆಗೇ ಅಂದದ್ದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲ ಹೇಳಿ ಅತ್ತೆ. ಮಷೀನಿಗೆ ಗಂಟೆ ಇಲ್ಲದ್ದು, ಪಕ್ಕದ ಗಂಟೆ ನಂಬಿಕೊಂಡದ್ದು, ಎಲ್ಲ. ಅಣ್ಣ ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನನ್ನೇ ನೋಡಿದ.

"ಬೆಲ್ ಇಲ್ಲ ಅಂತ ಒಂದ್ ಮಾತು ನನ್ಗೆ ಹೇಳ್ಬಾರ್ದಾಗಿತ್ತಾ? ಅಂಗ್ಡಿ ತುಂಬ ಬೆಲ್ ಇಟ್ಕೊಂಡು ಕೂತಿದೀನಿ."

ಅಯ್ಯೋ ನನ್ನ ಕರ್ಮವೇ! ಒಂದು ವರ್ಷ ದಿನಾ ಅವನ ಅಂಗಡಿಯ ಮುಂದೆಯೇ ನಡೆದು ಹೋಗಿದ್ದೆ. ಅವನನ್ನು ಕೇಳಬೇಕು ಅನ್ನಿಸಿರಲಿಲ್ಲ. ಅವನ ಅನ್ನ ತಿನ್ನುತ್ತಿದ್ದೇನೆ, ಇನ್ನೇನನ್ನೂ ಕೇಳಬಾರದು ಎಂಬ ಬಿಗುಮಾನ ಒಂದು ಕಡೆ, ಸೈಕಲ್ಲಿನವನಿಗೆ ಟೈಪ್‌ರೈಟರ್ ಏನು ಗೊತ್ತು ಅನ್ನುವ ಬಿ.ಎ. ಒಂದು ಕಡೆ. ಅವನು ಮಾರನೇ ದಿನ ಸ್ಪ್ಯಾನರ್ ಹಿಡಿದುಕೊಂಡು ಇನ್‌ಸ್ಟಿಟ್ಯೂಟಿಗೆ ಬಂದು, ಒಂದು ಸೈಕಲ್ ಬೆಲ್ಲಿನ ಬಟ್ಟಲು ಬಿಚ್ಚಿ, ಮಷೀನಿನೊಳಗೆ ಇದ್ದ ಪುಟ್ಟ ಸುತ್ತಿಗೆಗೆ ತಾಗುವ ಹಾಗೆ ಕೂರಿಸಿದ. ಅರ್ಧ ದಿನ ಗುದ್ದಾಡಿದ ಎನ್ನಿ, ಆದರೆ ಹೊಡೆಯಿತು. ಸ್ವಲ್ಪ ಜೋರಾಗಿಯೇ ಹೊಡೆಯುತ್ತಿತ್ತು. ಮೇಷ್ಟ್ರು, ಈಗ ಪೂಜೆ ಮಾಡಮ್ಮ ಅಂದರು.

ರಿಸಲ್ಟ್ ಬಂತು. ಕೆಲಸ ತುಮಕೂರಿನದೇ ಒಬ್ಬ ಹುಡುಗಿಗೆ ಆಯಿತು. ನನ್ನದು ಹೋಗಲಿ, ಅಕ್ಕನಿಗೂ ಸಿಗಲಿಲ್ಲ. ಸ್ಪೀಡು ಸಾಲಲಿಲ್ಲವಂತೆ. ಕೆಲವು ದಿನಗಳಲ್ಲೇ ಅವಳ ವಯಸ್ಸೂ ಮೀರಿತು. ಅವಳು ಇನ್‌ಸ್ಟಿಟ್ಯೂಟಿಗೆ ಬರುವುದನ್ನು ಬಿಟ್ಟು ತಂದೆಯ ಅಂಗಡಿಯಲ್ಲಿ ಕರ್ಪೂರ ಪೊಟ್ಟಣ ಕಟ್ಟುತ್ತಾ ಕೂರತೊಡಗಿದಳು. ಬೆಳಿಗ್ಗೆ ಏಳಕ್ಕೆ ಕಟ್ಟೆ ಖಾಲಿ. ನಾನು ಒಬ್ಬಳೇ ಹೋಗಿ, ನನ್ನದೇ ಗಂಟೆ ಕೇಳಿಕೊಂಡು, ಏನೋ ಒಂದು ಹೊಡೆದು ಬರುತ್ತಿದ್ದೆ. ಮೈಯಲ್ಲಿ ಜೀವ ಇಲ್ಲದ ಹಾಗೆ ಇರುತ್ತಿತ್ತು.

ಒಂದು ದಿನ ಅವಳು ಬಂದಳು. ಸುಮ್ಮನೆ, ಕೈ ನೆನಪಿಟ್ಟುಕೊಂಡಿದೆಯೋ ಇಲ್ಲವೋ ನೋಡೋಣ ಅನ್ನಿಸಿತು ಅಂದಳು. ಹಳೇ ಅಭ್ಯಾಸದಂತೆ ಒಂದೇ ಪಾಠ ಇಟ್ಟುಕೊಂಡೆವು, ಒಟ್ಟಿಗೇ ಶುರು ಮಾಡಿದೆವು. ನಾನು ಇನ್ನೂ ಸಾಲಿನ ಮಧ್ಯದಲ್ಲಿದ್ದೆ, ಅವಳ ಗಂಟೆ ಹೊಡೆಯಿತು. ನಾನು ಸಾಲು ಮುಗಿಸುವ ಹೊತ್ತಿಗೆ ಅವಳದು ಇನ್ನೊಂದು ಸಲ ಹೊಡೆಯಿತು. ನಾನು ಕೈ ಬಿಟ್ಟು ಸುಮ್ಮನೆ ನೋಡಿದೆ. ಅವಳ ಬೆರಳುಗಳು ಕಾಣುತ್ತಲೇ ಇರಲಿಲ್ಲ. ಅಷ್ಟು ದಿನ ಪಕ್ಕದಲ್ಲಿ ಕೂತಿದ್ದೆ, ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ.

"ಅಕ್ಕ, ಈ ಸ್ಪೀಡು ಯಾವಾಗ ಬಂತು?"

"ಮೊದ್ಲಿಂದ್ಲೂ ಇತ್ತು ಕಣೇ," ಅಂದಳು. ಆಮೇಲೆ ರಿಬ್ಬನ್ ಸರಿ ಮಾಡುವ ಹಾಗೆ ತಲೆ ಬಗ್ಗಿಸಿದಳು. "ನಾನು ಓಡ್ಬಿಟ್ರೆ ನಿನ್ಗೆ ಗಂಟೆ ಸಿಗ್ತಿರ್ಲಿಲ್ವಲ್ಲ. ಟೆಸ್ಟ್ ದಿವ್ಸ ನನ್ ಪಾಡಿಗೆ ನಾನು ಹೊಡೀಬೋದು ಅನ್ಕೊಂಡಿದ್ದೆ. ಅಲ್ಲಿ ಕೂತ್ರೆ ಕೈ ಮುಂದಕ್ಕೆ ಹೋಗ್ಲೇ ಇಲ್ಲ. ನಿನ್ಗೆ ಕಾಯ್ತಾನೇ ಇತ್ತು."

ನನಗೆ ಬಂದದ್ದು ಸಿಟ್ಟು. ಯಾರು ಕೇಳಿದ್ದರು ನಿನ್ನನ್ನು, ನಾನೇನು ಬೇಡಿದ್ದೆನಾ, ನಿನಗೆ ವಯಸ್ಸು ಮೀರುತ್ತಿದ್ದದ್ದು ನಿನಗೆ ಗೊತ್ತಿರಲಿಲ್ಲವಾ ಎಂದು ಮೇಷ್ಟ್ರ ಎದುರಿಗೇ ಕೂಗಾಡಿದೆ. ಅವಳು ಮಷೀನಿಗೆ ಮುಸುಕು ಹಾಕಿ ಎದ್ದು ಹೋದಳು. ನಾನು ಮನೆಗೆ ಬಂದು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವ್ವ ಬಂದು ಏನಾಯಿತು ಎಂದಳು. ಹೇಳಿದೆ. ಆ ಹುಡುಗಿ ಇಲ್ಲಿ ಕೂತು ಕಾಫಿ ಕುಡೀತಿದ್ಲಲ್ಲೇ ಎಂದಷ್ಟೇ ಅಂದು ಒಳಗೆ ಹೋದಳು.

ಇನ್ನು ಟೈಪಿಂಗೂ ಬೇಡ, ಏನೂ ಬೇಡ ಎಂದು ಮನೆಯಲ್ಲಿ ಕೂತೆ. ಆಗ ಕುಣಿಗಲ್ಲಿನ ಒಂದು ಆಫೀಸಿನ ಹುದ್ದೆಗೆ ಕರೆ ಬಂತು. ಟೆಸ್ಟು ತುಮಕೂರಿನ ಅದೇ ಹಾಲಿನಲ್ಲಿ. ಹೋಗಲ್ಲ ಅಂದೆ. ಆ ಗಂಟೆಗಳ ನಡುವೆ ಮತ್ತೆ ಕೂರುವುದಕ್ಕಿಂತ ಅತ್ತಿಗೆಯ ನಿಟ್ಟುಸಿರೇ ವಾಸಿ ಅನ್ನಿಸಿತ್ತು. ಈ ಸುದ್ದಿ ಅಣ್ಣನಿಂದ ಅಕ್ಕನಿಗೆ ಹೋಯಿತೋ ಏನೋ, ಅವಳು ಅವನ ಅಂಗಡಿಗೆ ಬಂದು ಒಂದು ಸೈಕಲ್ ಬೆಲ್ ಕೇಳಿ ತೆಗೆದುಕೊಂಡಳಂತೆ. ಮಾರನೇ ದಿನ ಏಳಕ್ಕೆ ನಮ್ಮ ಕಟ್ಟೆಯ ಮೇಲಿನಿಂದ ಕಿರ್‌ರಿಂಗ್ ಎಂದು ಸದ್ದು ಬಂತು. ನಾನು ಹೊರಗೆ ಬರುವವರೆಗೂ ನಿಲ್ಲಿಸಲಿಲ್ಲ. ಬೀದಿಯವರೆಲ್ಲ ಇಣುಕಿ ನೋಡಿದರು.

ಅಲ್ಲಿಂದ ಟೆಸ್ಟಿನವರೆಗೂ ಅವಳು ನನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ನಾನು ಹೊಡೆಯುತ್ತಿದ್ದರೆ ಮನಸ್ಸು ಬಂದಾಗ ಬೆಲ್ ಒತ್ತುವಳು. ಒಮ್ಮೆ ಕಿವಿಯ ಹತ್ತಿರ, ಒಮ್ಮೆ ಬಾಗಿಲಲ್ಲಿ ನಿಂತು. ನನ್ನ ಕೈ ತಪ್ಪಿ ಲಿವರಿಗೆ ಹೋದರೆ, ಮೊದಲಿಂದ ಹೊಡಿ ಎನ್ನುವಳು. ತಲೆ ಕೆಟ್ಟು ಹೋಗುತ್ತಿತ್ತು. ಇಂಗ್ಲಿಷ್ ಕಲಿಯುವವರು ನಮ್ಮಿಬ್ಬರ ಕಾಟ ತಾಳಲಾರದೆ ಬೇರೆ ಹೊತ್ತಿಗೆ ಬರತೊಡಗಿದರು. ನಾವಿಬ್ಬರೂ ಆ ದಿನದ ಮಾತು ಎತ್ತಲಿಲ್ಲ. ನಾನು ಕ್ಷಮೆ ಕೇಳಲಿಲ್ಲ, ಅವಳು ಕಾಯಲಿಲ್ಲ. ಬರಬರುತ್ತಾ ಅವಳ ಬೆಲ್ಲು ಬೀದಿಯ ಸದ್ದಿನಂತಾಯಿತು, ನನ್ನ ಮಷೀನಿನದು ಮಾತ್ರ ಬೇರೆಯಾಗಿ ಕೇಳತೊಡಗಿತು.

ಟೆಸ್ಟಿನ ದಿನ ಇಡೀ ಹಾಲು ಟಿಂಗ್ ಟಿಂಗ್ ಎನ್ನುತ್ತಿತ್ತು. ನನ್ನ ಸಾಲುಗಳು ಗೆರೆ ಎಳೆದ ಹಾಗೆ ಬಂದವು. ಕೆಲಸ ಸಿಕ್ಕಿತು, ಕುಣಿಗಲ್ಲಿನಲ್ಲಿ, ಸರ್ಕಾರಿ, ಕಾಯಂ ಹುದ್ದೆ. ಸಂತೋಷ ಆಗಬೇಕಿತ್ತು. ನನಗಾದದ್ದು ಸುಸ್ತು. ಆರ್ಡರ್ ಕೈಗೆ ಬಂದ ದಿನ ಮಧ್ಯಾಹ್ನವೇ ಮಲಗಿ ನಿದ್ದೆ ಮಾಡಿಬಿಟ್ಟೆ.

ಕುಣಿಗಲ್ಲಿನಲ್ಲಿ ಒಂದು ಕೋಣೆಯ ಮನೆ ಹಿಡಿದು ಅವ್ವನನ್ನು ಕರೆತಂದೆ. ಮೊದಲ ರಜೆಗೆ ಇಬ್ಬರೂ ಯಡಿಯೂರಿಗೆ ಹೋದೆವು. ಹರಕೆ ಒಪ್ಪಿಸಿ, ಹೊರಗೆ ಬಂದು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಕಾಫಿ ಹೇಳಿದೆ. ಬಂತು, ಒಳ್ಳೇ ಡಿಕಾಕ್ಷನ್ ವಾಸನೆ. ಅವ್ವ ತನ್ನ ಲೋಟವನ್ನು ಬೆರಳ ತುದಿಯಲ್ಲಿ ನನ್ನ ಕಡೆಗೆ ಸರಿಸಿದಳು.

"ಆ ಹುಡ್ಗೀದು ಒಂದು ಆಗ್ಲಿ. ಆಮೇಲೆ ಕುಡೀತೀನಿ. ಈಗಷ್ಟೇ ದೇವ್ರಿಗೆ ಹೇಳ್ಕೊಂಡು ಬಂದೆ."

ಅವಳಿಗೆ ವಯಸ್ಸು ಮೀರಿದೆ, ಇನ್ನು ಸರ್ಕಾರಿ ಕೆಲಸ ಸಿಗುವುದಿಲ್ಲ ಎಂದು ನಾನು ಅಲ್ಲೇ ರೇಗಿದೆ. ಅವ್ವ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎರಡು ಲೋಟವೂ ನಾನೇ ಕುಡಿದೆ.

ಮುಂದೆ ಮೇಷ್ಟ್ರಿಗೆ ಕಣ್ಣು ಮಂಜಾಗಿ ಅಕ್ಕನೇ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಲು ನಿಂತಳು. ಎಂಬತ್ತರ ದಶಕದಲ್ಲಿ ಗುಬ್ಬಿಯಿಂದ ಯಾವ ಆಫೀಸಿಗೆ ಕನ್ನಡ ಟೈಪಿಸ್ಟ್ ಬಂದರೂ ಅವರು ಅವಳ ಕೈಯಲ್ಲಿ ಕಲಿತವರೇ. ಹೊಸಬರನ್ನು ಮೊದಲ ದಿನದಿಂದಲೇ ಒಬ್ಬೊಬ್ಬರಾಗಿ ದೂರ ದೂರ ಕೂರಿಸುತ್ತಿದ್ದಳಂತೆ. ಹಿಂದೆ ನಿಂತು ಬೆಲ್ಲೂ ಒತ್ತುತ್ತಿದ್ದಳಂತೆ. ಅವಳು ಪಾಠಕ್ಕೆ ನಿಂತ ಸುದ್ದಿ ಕೇಳಿದ ದಿನ ನಾನು ಆಫೀಸಿನಿಂದ ಓಡೋಡಿ ಮನೆಗೆ ಬಂದೆ. ಅವ್ವ ಹಣೆಗೆ ಬಟ್ಟೆ ಕಟ್ಟುವುದನ್ನು ಎಷ್ಟೋ ದಿನದ ಹಿಂದೆಯೇ ಬಿಟ್ಟಿದ್ದಳು, ತಲೆನೋವು ಅವಳಿಗೆ ರೂಢಿಯಾಗಿತ್ತು. ಅಕ್ಕನಿಗೆ ಕೆಲಸ ಆಯಿತು ಅವ್ವ, ಮೇಷ್ಟ್ರ ಜಾಗದಲ್ಲಿ ಅವಳೇ ಇದ್ದಾಳೆ, ಇನ್ನಾದರೂ ಕುಡಿ ಎಂದೆ. ಅವಳ ಮುಖ ಅರಳಿತು. ಎದ್ದು ಒಲೆಯ ಮೇಲೆ ನೀರಿಟ್ಟಳು, ಎರಡು ಲೋಟ ತೊಳೆದು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪರ್ಮನೆಂಟಾ?"

ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಅಷ್ಟು ಸುಲಭದ ಸುಳ್ಳು ಬಾಯಿಗೆ ಬರಲಿಲ್ಲ. ಅಲ್ಲ ಅವ್ವ ಅಂದೆ.

ಅವಳು ಒಂದು ಲೋಟವನ್ನು ಎತ್ತಿ ಮತ್ತೆ ಗೂಡಿನಲ್ಲಿಟ್ಟು, ಇನ್ನೊಂದಕ್ಕೆ ನನಗೆ ಕಾಫಿ ಬಗ್ಗಿಸಿದಳು.